ವಿಮಾನದ ವೇಳೆಯ ಜತೆಗೆ ದೂರವನ್ನೂ ಅವಧಿಯನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ಹೊಸ ವಿಮಾನ ಸೇವೆಯ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಹೊರಡುವ ಮತ್ತು ತಲುಪುವ ವೇಳೆಯಷ್ಟೇ ಅಚ್ಚಾಗುತ್ತದೆ. ಎರಡು ನಿಲ್ದಾಣಗಳ ನಡುವಿನ ದೂರವಾಗಲಿ, ವಿಮಾನದೊಳಗೆ ನಿಜವಾಗಿ ಕಳೆಯಬೇಕಾದ ಅವಧಿಯಾಗಲಿ ಇರುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರಿರುವ ಮನೆಗಳು ಬಹಳ. ಮಗನ ಮನೆಗೆಂದು ಮೊದಲ ಬಾರಿ ವಿಮಾನ ಹತ್ತುವ ವಯಸ್ಸಾದ ತಾಯಿ ಎಷ್ಟು ಹೊತ್ತು ಕುಳಿತಿರಬೇಕು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಬೇಕು ಎಂಬುದು ಇಂಥ ಮನೆಗಳಲ್ಲಿ ಏಳುವ ಪ್ರಶ್ನೆ.

ಮಂಗಳೂರಿನಿಂದ ದುಬೈಗೆ ನೇರ ವಾಯುದೂರ ಸುಮಾರು 2,460 ಕಿಲೋಮೀಟರ್. ಬೆಳಿಗ್ಗೆ 10ಕ್ಕೆ ಹೊರಡುವ ವಿಮಾನ ಅಲ್ಲಿ 12.15ಕ್ಕೆ ಇಳಿಯುತ್ತದೆ ಎಂದಿಟ್ಟುಕೊಂಡರೆ, ಓದಿದವರು ಎರಡೂಕಾಲು ಗಂಟೆಯೆಂದೇ ಲೆಕ್ಕ ಹಾಕುತ್ತಾರೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಪ್ರಯಾಣ ಮೂರೂಮುಕ್ಕಾಲು ಗಂಟೆಯದು. ಅದೇ ವಿಮಾನ ಅಲ್ಲಿಂದ ಮಧ್ಯಾಹ್ನ 1ಕ್ಕೆ ಹೊರಟು ಇಲ್ಲಿ ಸಂಜೆ 6ಕ್ಕೆ ಇಳಿದರೆ ಕಾಗದದ ಮೇಲೆ ಐದು ಗಂಟೆ, ನಿಜದಲ್ಲಿ ಮೂರೂವರೆ. ಬರುವಾಗ ಹೊತ್ತು ಕಡಿಮೆಯಾಗಲು ಮುಖ್ಯ ಕಾರಣ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ. ಚಳಿಗಾಲದಲ್ಲಿ ಅದು ಇನ್ನೂ ಬಿರುಸು. ಹೋಗುವ ಮತ್ತು ಬರುವ ತೋರಿಕೆಯ ಅವಧಿಗಳೆರಡನ್ನೂ ಕೂಡಿಸಿ ಅರ್ಧ ಮಾಡಿದರೆ ಗಡಿಯಾರದ ವ್ಯತ್ಯಾಸ ತಾನಾಗಿಯೇ ಕಳೆದುಹೋಗಿ, ಒಂದು ಕಡೆಯ ಪ್ರಯಾಣದ ಸರಾಸರಿ ಸಿಗುತ್ತದೆ. ಇದನ್ನು ಶಾಲೆಯ ಮಕ್ಕಳೂ ಮಾಡಬಲ್ಲರು.

ದೂರದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ಹಾರಿ ಬಂದಾಗ, ಅಷ್ಟು ಸುತ್ತು ಬಳಸಿದ್ದೇಕೆ ಎಂದು ಕೇಳಿದವರನ್ನು ಕಂಡಿದ್ದೇನೆ. ಗೋಡೆಯ ಭೂಪಟದಲ್ಲಿ ಸುತ್ತಾಗಿ ಕಾಣುವ ಆ ದಾರಿಯೇ ಹತ್ತಿರದ್ದು. ಎರಡು ಊರುಗಳ ನಡುವೆ ರೇಖಾಂಶದಲ್ಲಿ 160 ಡಿಗ್ರಿಗಳಷ್ಟು ಅಂತರವಿದ್ದು, ಅವು ಭೂಮಿಯ ಬಹುಮಟ್ಟಿಗೆ ವಿರುದ್ಧ ಮಗ್ಗುಲುಗಳಲ್ಲಿರುವುದರಿಂದ ಅತಿ ಕಡಿಮೆ ದೂರದ, ಸುಮಾರು 14,000 ಕಿಲೋಮೀಟರ್‌ಗಳ ಗೆರೆ ಉತ್ತರ ಧ್ರುವ ಪ್ರದೇಶದ ಮೂಲಕವೇ ಹಾದುಹೋಗುತ್ತದೆ. ಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಇದು ಕಣ್ಣಿಗೇ ಕಾಣುತ್ತದೆ. ಗಡಿನಾಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಭೂಗೋಳದ ಮೇಷ್ಟ್ರುಗಳು ಇದನ್ನು ಮಾಡಿ ತೋರಿಸಬೇಕೆಂಬುದು ನನ್ನ ಬಹುದಿನಗಳ ಆಸೆ.

ನಕ್ಷೆಯ ದೂರವೂ ಹಾರುವ ದೂರವೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದನ್ನೂ ಓದುಗರಿಗೆ ತಿಳಿಸಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಬಳಸಿ ಹಾರಬೇಕಾಯಿತು.

ಆದುದರಿಂದ ವಿಮಾನ ಸೇವೆಯ ಸುದ್ದಿ ಪ್ರಕಟಿಸುವಾಗ ವಾಯುದೂರ, ಪ್ರಯಾಣದ ಅವಧಿ ಹಾಗೂ ಎರಡು ಊರುಗಳ ಗಡಿಯಾರದ ವ್ಯತ್ಯಾಸ, ಈ ಮೂರನ್ನೂ ಒಂದೇ ಸಾಲಿನಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ. ಮಂಗಳೂರು ಮತ್ತು ಕಣ್ಣೂರು ನಿಲ್ದಾಣಗಳ ಸುದ್ದಿಯಿಂದಲೇ ಇದನ್ನು ಆರಂಭಿಸಿದರೆ ಕಾಸರಗೋಡಿನ ಓದುಗರಿಗೆ ಕೂಡಲೇ ಉಪಯೋಗವಾಗುತ್ತದೆ.

– ಓದುಗ, ಕುಂಬಳೆ, ಕಾಸರಗೋಡು ಜಿಲ್ಲೆ