ಅಪ್‌ಗ್ರೇಡ್ ಆದ ಮೇಲೆ ಕೀಬೋರ್ಡ್ ಮಾತು ಕೇಳದಿದ್ದರೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಲಿನಕ್ಸ್ ಅಪ್‌ಗ್ರೇಡ್ ಮಾಡಿದ ಮೇಲೆ ಲಾಗಿನ್ ಪರದೆಯಲ್ಲಿ ಕೀಬೋರ್ಡ್ ಆಗಲಿ ಮೌಸ್ ಆಗಲಿ ಕೆಲಸ ಮಾಡುತ್ತಿಲ್ಲವೆಂದೂ, ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಯೋಚಿಸಿರುವೆನೆಂದೂ ಬರೆದಿದ್ದೀಯೆ. ದಯವಿಟ್ಟು ಅಷ್ಟು ಅವಸರ ಪಡಬೇಡ. ಯಂತ್ರ ಆರಂಭವಾಗುವಾಗ ಮೊದಲು ಕಾಣುವ ಗ್ರಬ್ ಮೆನುವಿನಲ್ಲಿ ಬಾಣದ ಕೀಲಿಗಳು ಓಡುತ್ತವೆಂದು ನೀನೇ ತಿಳಿಸಿರುವುದರಿಂದ ಕೀಬೋರ್ಡ್ ಕೆಟ್ಟಿಲ್ಲವೆಂಬುದು ಖಚಿತ. ನೀನು ಒತ್ತಿದ ಕೀಲಿ ಮೊದಲು ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ, ಅಲ್ಲಿಂದ ಕೀಬೋರ್ಡ್, ಮೌಸ್‌ಗಳ ಸಂಕೇತಗಳನ್ನು ಅರ್ಥೈಸುವ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶಕ್ಕೆ, ಕೊನೆಗೆ ಡೆಸ್ಕ್‌ಟಾಪ್‌ಗೆ ತಲುಪಬೇಕು. ಈ ದಾರಿಯಲ್ಲಿ ಅದು ಎಲ್ಲಿ ನಿಂತಿದೆ ಎಂಬುದನ್ನಷ್ಟೇ ನಾವು ಹುಡುಕಬೇಕಾಗಿದೆ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೂ ಅಕ್ಷರಗಳ ಕಪ್ಪು ಪರದೆ, ಅಂದರೆ ಕನ್ಸೋಲ್, ಬರಲಿಲ್ಲವೆಂದು ಕರ್ನೆಲ್ಲೇ ಕೆಟ್ಟಿದೆ ಎಂದುಕೊಂಡಿದ್ದೀಯೆ. ಅಲ್ಲಿ ಎಚ್ಚರ ಬೇಕು. ಪರದೆಯ ಮೇಲೆ ಚಿತ್ರ, ಕಿಟಕಿಗಳನ್ನು ಮೂಡಿಸುವ ಎಕ್ಸ್ ಸರ್ವರ್ ಎಂಬ ತಂತ್ರಾಂಶ ಓಡುತ್ತಿರುವಾಗ ಕೀಬೋರ್ಡ್ ಅದರ ವಶದಲ್ಲಿರುತ್ತದೆ. ಆ ಸರ್ವರ್‌ಗೇ ಇನ್‌ಪುಟ್ ಡ್ರೈವರ್ ಸಿಗದಿದ್ದರೆ ಕನ್ಸೋಲಿಗೆ ದಾಟುವ ಈ ಕೀಲಿಗಳೂ ಅದಕ್ಕೆ ಕೇಳಿಸುವುದಿಲ್ಲ. ಆದುದರಿಂದ ಗ್ರಬ್‌ನಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ಮಲ್ಟಿ-ಯೂಸರ್ ಟಾರ್ಗೆಟ್, ಅಂದರೆ ಅಕ್ಷರಗಳ ಪರದೆಯಲ್ಲಷ್ಟೇ ಆರಂಭವಾಗುವ ಸ್ಥಿತಿ, ಕೇಳುವ ಸೂಚನೆಯನ್ನು ಸೇರಿಸಿ ಬೂಟ್ ಮಾಡು. ಅದು ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುತ್ತದೆ, ಯಾವ ಹಾನಿಯೂ ಇಲ್ಲ. ಅಕ್ಷರಗಳ ಪರದೆಯಲ್ಲಿ ಟೈಪ್ ಮಾಡಲು ಬಂದರೆ ಕರ್ನೆಲ್ ಸರಿಯಾಗಿದೆ. ಬಾರದಿದ್ದರೆ ಗ್ರಬ್ ಮೆನುವಿನಿಂದಲೇ ಹಳೆಯ ಕರ್ನೆಲ್ ಆರಿಸಿಕೊಂಡು ನೋಡು.

ನನ್ನ ಅನುಮಾನ ಎಕ್ಸ್ ಸರ್ವರ್ ಮೇಲೆಯೇ ಇದೆ. ಹಿಂದೊಮ್ಮೆ ನನ್ನ ಯಂತ್ರದಲ್ಲಿ ಸರ್ವರ್ ಹೊಸ ಆವೃತ್ತಿಗೆ ಏರಿ, ಇನ್‌ಪುಟ್ ಡ್ರೈವರ್‌ನ ಪ್ಯಾಕೇಜ್ ಮಾತ್ರ ಹಳೆಯದಾಗಿಯೇ ಉಳಿದುಬಿಟ್ಟಿತ್ತು. ಎರಡರ ಎಬಿಐ, ಅಂದರೆ ಅವು ಒಂದಕ್ಕೊಂದು ಸೇರಿಕೊಳ್ಳುವ ವಿಧಾನ, ಹೊಂದದೆ ಡ್ರೈವರ್ ಲೋಡ್ ಆಗಲಿಲ್ಲ. ಎಕ್ಸ್‌ಆರ್ಗ್ ಎಂಬ ಆ ಎಕ್ಸ್ ಸರ್ವರ್‌ನ ಲಾಗ್ ಕಡತದಲ್ಲಿ ಅದು ಸ್ಪಷ್ಟವಾಗಿ ದಾಖಲಾಗಿತ್ತು. ನಾನು ಅದನ್ನು ಓದದೆ ಇಡೀ ವ್ಯವಸ್ಥೆಯನ್ನು ಮತ್ತೆ ಹಾಕಿ, ಉಳಿಸಿಕೊಳ್ಳದ ಬರಹಗಳನ್ನು ಕಳೆದುಕೊಂಡೆ. ಆ ನೋವು ನಿನಗೆ ಬರಬಾರದೆಂದೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಹೀಗಾಗಿದ್ದರೆ ಅರ್ಧಕ್ಕೆ ನಿಂತ ಅಪ್‌ಗ್ರೇಡ್ ಅನ್ನು ಪೂರ್ಣಗೊಳಿಸಿ, ಲಿಬ್‌ಇನ್‌ಪುಟ್ ಡ್ರೈವರ್‌ನ ಪ್ಯಾಕೇಜ್ ಹಾಕಿದರೆ ಸಾಕು.

ಹಳೆಯ ಎಕ್ಸ್‌ಆರ್ಗ್ ಕಾನ್ಫಿಗ್ ಕಡತ ಉಳಿದಿದೆಯೇ ಎಂದೂ ನೋಡು. ಹಿಂದೆ ಕೀಬೋರ್ಡ್, ಮೌಸ್‌ಗಳನ್ನು ಅದರಲ್ಲಿ ಕೈಯಾರೆ ಬರೆಯುತ್ತಿದ್ದೆವು, 2010ರ 1.8ನೇ ಆವೃತ್ತಿಯಿಂದ ಸರ್ವರ್, ಸಾಧನಗಳ ಮಾಹಿತಿ ಕೊಡುವ ಯುಡೆವ್ ಮೂಲಕ ಸಾಧನಗಳನ್ನು ತಾನೇ ಗುರುತಿಸಿಕೊಳ್ಳುತ್ತದೆ. ಆ ಗುರುತಿಸುವಿಕೆಯನ್ನೇ ತಡೆಯುವ ಹಳೆಯ ಸಾಲೊಂದು ಅಲ್ಲಿ ಕುಳಿತಿರಬಹುದು. ಕಡತವನ್ನು ಅಳಿಸಬೇಡ, ಹೆಸರು ಬದಲಿಸಿ ಪಕ್ಕಕ್ಕಿಡು.

ಎಲ್ಲವೂ ಮರಳಿ ಬಂದ ಮೇಲೆ ಟಚ್‌ಪ್ಯಾಡ್ ಮೇಲೆ ಬೆರಳು ತಟ್ಟಿದರೆ ಕ್ಲಿಕ್ ಆಗದಿದ್ದಲ್ಲಿ ಗಾಬರಿಯಾಗಬೇಡ. ಲಿಬ್‌ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವನ್ನು ನಾವೇ ಆನ್ ಮಾಡಿಕೊಳ್ಳಬೇಕು. ಸೆಷನ್ ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್‌ಗೆ ಬದಲಾಗಿದ್ದರೆ ಎಕ್ಸ್‌ಗಾಗಿ ಇರುವ ಎಕ್ಸ್‌ಮಾಡ್‌ಮ್ಯಾಪ್ ಸಲಕರಣೆಯಿಂದ ನೀನು ಮಾಡಿಕೊಂಡಿದ್ದ ಕೀಲಿ ಬದಲಾವಣೆಗಳನ್ನೂ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿಯೇ ಹೊಸದಾಗಿ ಮಾಡಬೇಕಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಬರೆದಿಟ್ಟುಕೋ. ಲಾಗ್‌ನಲ್ಲಿ ದೋಷವನ್ನು ಸೂಚಿಸುವ ಎರಡು 'ಇ' (EE) ಅಕ್ಷರಗಳ ಗುರುತಿರುವ ಸಾಲುಗಳನ್ನು ಒಂದಕ್ಷರವೂ ಬಿಡದೆ ನನಗೆ ಕಳುಹಿಸು. ಅವುಗಳನ್ನು ನೋಡಿ ಮುಂದಿನ ಹೆಜ್ಜೆ ತಿಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ