ಪುಟ್ಟಿ, ರಾಸ್ಪ್‌ಬೆರಿ ಎಲೆಯ ಟೀ ಈಗಲೇ ಬೇಡ

ಪ್ರೀತಿಯ ಪುಟ್ಟಿ,

ನಾಲ್ಕನೇ ತಿಂಗಳಲ್ಲೇ ರಾಸ್ಪ್‌ಬೆರಿ ಎಲೆ ಟೀ ಶುರು ಮಾಡಲಾ ಅಂತ ಕೇಳಿದ್ದೀಯ. ಬೇಡಮ್ಮ. ಹಣ್ಣು ಬೇಕಾದಷ್ಟು ತಿನ್ನು, ಎಲೆಯನ್ನು ಮಾತ್ರ ಈಗ ಮುಟ್ಟಬೇಡ.

ಈ ಇಂಗ್ಲೆಂಡಿನಲ್ಲಿ ಬಸುರಿ ಅಂತ ಗೊತ್ತಾದ ಕೂಡಲೇ ಯಾರಾದರೊಬ್ಬರು ಈ ಟೀ ಹೆಸರು ಹೇಳೇ ಹೇಳುತ್ತಾರೆ. ಗರ್ಭಕೋಶಕ್ಕೆ ಬಲ ಬರುತ್ತೆ, ಹೆರಿಗೆ ಸಲೀಸಾಗುತ್ತೆ ಅಂತ ಇಲ್ಲಿನವರ ಹಳೇ ನಂಬಿಕೆ. ಅದರಲ್ಲಿ ಏನೂ ಇಲ್ಲ ಅಂತ ನಾನು ಹೇಳಲ್ಲ. ಎಲೆಯ ಸಾರ ಗರ್ಭಕೋಶದ ಸ್ನಾಯುವನ್ನು ಸಡಿಲ ಮಾಡುತ್ತೆ ಅಂತ 1941ರಲ್ಲೇ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿತ್ತು. ಆದರೆ ಆಮೇಲೆ ನಡೆದ ಪ್ರಯೋಗಗಳಲ್ಲಿ ಅದೇ ಎಲೆಯಲ್ಲಿ ಸ್ನಾಯುವನ್ನು ಬಿಗಿ ಮಾಡುವ ಅಂಶವೂ ಸಿಕ್ಕಿತು. ನನಗೆ ಭಯ ಇರೋದು ಅದಕ್ಕೇ.

ಸಿಡ್ನಿಯಲ್ಲಿ 192 ಚೊಚ್ಚಲು ಬಸುರಿಯರ ಮೇಲೆ ಒಂದು ಅಧ್ಯಯನ ನಡೆದು 2001ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ 32 ವಾರ ತುಂಬಿದ ಮೇಲೆ ದಿನಕ್ಕೆರಡು ಸಲ ಈ ಎಲೆಯ ಮಾತ್ರೆ ಕೊಟ್ಟರು. ನೋವು ಶುರುವಾಗಿ ಗರ್ಭದ ಬಾಯಿ ಪೂರ್ತಿ ತೆರೆಯುವ ತನಕದ ಹೊತ್ತು ಏನೂ ಕಮ್ಮಿಯಾಗಲಿಲ್ಲ. ಕೊನೆಯಲ್ಲಿ ಮಗುವನ್ನು ತಳ್ಳುವ ಹೊತ್ತು ಸುಮಾರು 10 ನಿಮಿಷ ಕಮ್ಮಿ ಆಯಿತು. ಇಕ್ಕಳ ಹಾಕಿ ಎಳೆಯಬೇಕಾದದ್ದು ಮಾತ್ರೆ ಇಲ್ಲದವರಲ್ಲಿ 100ಕ್ಕೆ 30, ತೆಗೆದುಕೊಂಡವರಲ್ಲಿ 19. ಒಳ್ಳೇದೇ ಅಲ್ವಾ? ಆದರೆ ಇದೊಂದು ಸಣ್ಣ ಅಧ್ಯಯನ, ಅದೂ ಕೊನೇ ತಿಂಗಳುಗಳದ್ದು, ಅದನ್ನು ಇಟ್ಟುಕೊಂಡು ನಾಲ್ಕನೇ ತಿಂಗಳಿಗೆ ಯಾರೂ ಭರವಸೆ ಕೊಡೋಕಾಗಲ್ಲ. ಯುರೋಪಿನ ಔಷಧ ಸಂಸ್ಥೆ ಮುಟ್ಟಿನ ಹೊಟ್ಟೆನೋವಿಗೆ, ಬಾಯಿ ಗಂಟಲಿನ ಉರಿಗೆ, ಸ್ವಲ್ಪ ಭೇದಿಗೆ ಈ ಎಲೆಯ ಸಾಂಪ್ರದಾಯಿಕ ಬಳಕೆಯನ್ನು ಒಪ್ಪುತ್ತೆ, ಬಸುರಿಯರಿಗೆ ಮಾತ್ರ ಶಿಫಾರಸು ಮಾಡಲ್ಲ.

ನಿನಗೆ ಗಂಟಲು ಕೆರೆದಾಗ ನಾನು ಕೊಡ್ತಿದ್ದ ಕಷಾಯ ಇದೇ ಎಲೆಯದ್ದು. ಹೂ ಬಿಡೋಕೆ ಮುಂಚೆ ಕಿತ್ತು, ನೆರಳಲ್ಲಿ ಹರಡಿ, ಮುರಿದರೆ ಪುಡಿಯಾಗುವಷ್ಟು ಒಣಗಿಸಬೇಕು. ಅರೆಬರೆ ಒಣಗಿದರೆ ಹಿಂಬದಿಯ ಬಿಳಿ ನವಿರಿನಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತೆ, ಅಂಥದ್ದನ್ನು ಎಸೆದುಬಿಡು. ಒಂದು ಚಮಚ ಎಲೆಗೆ ಕುದಿಯೋ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ನಾಲಿಗೆ ಹಿಡಿಯುವಷ್ಟು ಒಗರು ಬರುತ್ತೆ. ಆ ಒಗರು ಎಲೆಯಲ್ಲಿರೋ ಟ್ಯಾನಿನ್ ಅನ್ನೋ ಅಂಶದ್ದು. ಮುಕ್ಕಳಿಸೋಕೆ ಒಳ್ಳೇದು, ಆದರೆ ಕಬ್ಬಿಣದ ಮಾತ್ರೆ ಜೊತೆ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ. ನಿನ್ನ ಹಿಮೋಗ್ಲೋಬಿನ್ ಮೊದಲೇ ಕಮ್ಮಿ. ಮಾಮೂಲಿ ಚಹಾಗೂ ಇದೇ ಮಾತು, ಮಾತ್ರೆಗೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ.

ಹಣ್ಣಿನ ವಿಷಯಕ್ಕೆ ಅಷ್ಟೊಂದು ಯೋಚನೆ ಬೇಡ. 100 ಗ್ರಾಂ ಹಣ್ಣಲ್ಲಿ ಆರು ಗ್ರಾಂಗಿಂತ ಜಾಸ್ತಿ ನಾರು, ಸಿ ವಿಟಮಿನ್ನೂ ಚೆನ್ನಾಗಿದೆ. ಮಲಬದ್ಧತೆ ಅಂತ ಒದ್ದಾಡ್ತಿದ್ದೀಯಲ್ಲ, ತೊಳೆದು ಮೊಸರಿಗೆ ಹಾಕ್ಕೊಂಡು ತಿನ್ನು. ರಾಸ್ಪ್‌ಬೆರಿ ಕೀಟೋನ್ ಅಂತ ತೂಕ ಇಳಿಸೋ ಮಾತ್ರೆ ಮಾರ್ತಾರೆ, ಅದರ ಹತ್ತಿರವೂ ಹೋಗಬೇಡ.

32 ವಾರ ಆದಮೇಲೆ ನಿನಗೆ ಟೀ ಕುಡಿಯಲೇಬೇಕು ಅನ್ನಿಸಿದರೆ ಮೊದಲು ಮಿಡ್‌ವೈಫ್‌ಗೆ ಹೇಳು. ಬಿಪಿ ಏರಿದ್ದರೆ, ರಕ್ತ ಕಂಡಿದ್ದರೆ ಬೇಡವೇ ಬೇಡ. ಸಕ್ಕರೆ ಬಂದು ಇನ್ಸುಲಿನ್ ಶುರುವಾಗಿದ್ದರೂ ಬೇಡ, ಹಾಗೆ ಕುಡಿದವರೊಬ್ಬರಿಗೆ ಸಕ್ಕರೆ ತೀರಾ ಇಳಿದದ್ದು ವರದಿಯಾಗಿದೆ. ಮುಂದಿನ ಸಲ ಸ್ಕ್ಯಾನಿಗೆ ಹೋದಾಗ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ ನನಗೆ ತಿಳಿಸು.

ನಿನ್ನ ದೊಡ್ಡಮ್ಮ