ಪ್ರಾಯೋಜಿತ ಮಗುವಿನ ಜೊತೆ ಮನೆಯ ಉಳಿದ ಮಕ್ಕಳನ್ನೂ ಎಣಿಸಿ

ಮಾನ್ಯ ಸಂಪಾದಕರೇ,

ತಿಂಗಳಿಗಿಷ್ಟು ಎಂದು ಹಣ ಕೊಟ್ಟು ಒಂದು ಮಗುವಿನ ಓದು, ಆರೋಗ್ಯದ ಹೊಣೆ ಹೊರುವ ಪ್ರಾಯೋಜಕತ್ವ ಯೋಜನೆಗಳ ಬಗ್ಗೆ ಸುದ್ದಿ ಬಂದಾಗಲೆಲ್ಲ ಕಾಣುವುದು ಎರಡೇ ಅಂಕಿಗಳು: ಎಷ್ಟು ಮಕ್ಕಳು ನೋಂದಣಿಯಾದರು, ಎಷ್ಟು ಹಣ ಖರ್ಚಾಯಿತು. ಜೊತೆಗೊಂದು ಫೋಟೊ, ಮಗು ಬರೆದ ಧನ್ಯವಾದದ ಪತ್ರ. ಯೋಜನೆ ನಡೆದಿದೆ ಎನ್ನುವುದಕ್ಕೆ ಇವು ಸಾಕ್ಷಿ, ಸರಿ. ಅದರಿಂದ ಏನು ಬದಲಾಯಿತು ಎನ್ನುವುದಕ್ಕೆ ಇವು ಸಾಕ್ಷಿಯಲ್ಲ. ನೆರವು ಮಂಜೂರಾಗುವುದು ಒಂದು ಮಗುವಿನ ಹೆಸರಿಗೆ, ಆದರೆ ಅದು ಹೋಗಿ ಸೇರುವುದು ಒಂದು ಮನೆಗೆ, ಒಂದು ಶಾಲೆಗೆ. ಪರಿಣಾಮವನ್ನು ಅಳೆಯಬೇಕಾದದ್ದೂ ಅಲ್ಲಿಯೇ ಎಂಬುದು ಈ ಕೆಲಸದಲ್ಲಿರುವ ನಮ್ಮ ಖಚಿತ ಅಭಿಪ್ರಾಯ.

ಪದ್ಧತಿ ಹಳೆಯದು. ಮಕ್ಕಳಿಗೆ ನೆರವಾಗುವ ಇಂದಿನ ಪ್ಲಾನ್ ಇಂಟರ್‌ನ್ಯಾಷನಲ್ ಸಂಸ್ಥೆ ಹುಟ್ಟಿದ್ದು 1937ರಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ನೆಲೆ ಕಳೆದುಕೊಂಡ ಮಕ್ಕಳಿಗಾಗಿ. ಕಂಪ್ಯಾಶನ್ ಸಂಸ್ಥೆ ಶುರುವಾದದ್ದು 1952ರಲ್ಲಿ, ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ. ಇಷ್ಟಾದರೂ, ನೆರವು ಪಡೆದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಎಂದು ಹಲವು ದೇಶಗಳಲ್ಲಿ ಹುಡುಕಿ ನೋಡಿದ ದೊಡ್ಡ ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಅರ್ಥಶಾಸ್ತ್ರಜ್ಞರಾದ ಬ್ರೂಸ್ ವೈಡಿಕ್, ಪಾಲ್ ಗ್ಲೆವ್ ಮತ್ತು ಲೇನ್ ರಟ್ಲೆಜ್ ಅವರು ಭಾರತವೂ ಸೇರಿ ಆರು ದೇಶಗಳಲ್ಲಿ 10,144 ವಯಸ್ಕರ ಮಾಹಿತಿ ಸಂಗ್ರಹಿಸಿದರು. ಅವರಲ್ಲಿ 1,860 ಮಂದಿ ಬಾಲ್ಯದಲ್ಲಿ ಕಂಪ್ಯಾಶನ್ ಸಂಸ್ಥೆಯ ಪ್ರಾಯೋಜಕತ್ವ ಪಡೆದವರು. ಅಂಥವರು ಸುಮಾರು 1ರಿಂದ 1.5 ವರ್ಷ ಹೆಚ್ಚು ಓದಿದ್ದರು. ನೆರವಿಲ್ಲದಿದ್ದರೆ ಪ್ರೌಢಶಿಕ್ಷಣ ಮುಗಿಸುವವರು ಶೇ 44.5 ಇರುತ್ತಿದ್ದರೆಂದು ಅಂದಾಜಿಸಿದ್ದಲ್ಲಿ, ಪ್ರಾಯೋಜಿತರಲ್ಲಿ ಆ ಪ್ರಮಾಣ 12ರಿಂದ 18 ಶೇಕಡಾ ಅಂಶಗಳಷ್ಟು ಮೇಲಿತ್ತು. ಮೊದಲೇ ಓದಿನ ಮಟ್ಟ ಕೆಳಗಿದ್ದ ಕಡೆ ಲಾಭ ಇನ್ನೂ ಹೆಚ್ಚು. ಪ್ರಾಯೋಜಕತ್ವವೆಂದರೆ ಬರೀ ತೋರಿಕೆ ಎಂದು ತಳ್ಳಿಹಾಕುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಆ ಅಧ್ಯಯನದ ಬಲ ಇರುವುದು ಅದರ ಹೋಲಿಕೆಯಲ್ಲಿ. ಯೋಜನೆ ಊರಿಗೆ ಬಂದಾಗ 12 ವರ್ಷ ದಾಟಿದ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ವಯಸ್ಸಿನ ಗೆರೆಯ ಆಚೆ ಉಳಿದ ಅಕ್ಕ ಅಣ್ಣಂದಿರನ್ನು ಈಚೆಯ ತಮ್ಮ ತಂಗಿಯರ ಜೊತೆ ಹೋಲಿಸಲು ಸಾಧ್ಯವಾಯಿತು. ಹೆಚ್ಚಿನ ವರದಿಗಳಲ್ಲಿ ಇಂಥ ಹೋಲಿಕೆಯೇ ಇರುವುದಿಲ್ಲ. ಪ್ರಾಯೋಜಿತ ಮಕ್ಕಳನ್ನು ಊರಿನ ಸರಾಸರಿಯ ಪಕ್ಕ ಇಟ್ಟು ಫಲಿತಾಂಶ ಘೋಷಿಸುತ್ತಾರೆ. ಅರ್ಜಿ ತುಂಬಿ, ದಾಖಲೆ ಹೊಂದಿಸಿ, ಸಭೆಗೆ ತಪ್ಪದೆ ಬರುವ ತಂದೆತಾಯಿಯ ಮಗು ನೆರವಿಲ್ಲದೆಯೂ ಒಂದಿಷ್ಟು ಮುಂದೆ ಹೋಗುತ್ತಿತ್ತು; ಆ ಶ್ರೇಯವೂ ಯೋಜನೆಯ ಖಾತೆಗೆ ಜಮೆಯಾಗುತ್ತದೆ. ಕಡುಬಡವರನ್ನೇ ಹುಡುಕಿ ಸೇರಿಸಿಕೊಂಡ ಕಡೆ ಇದಕ್ಕೆ ಉಲ್ಟಾ: ಒಳ್ಳೆಯ ಕೆಲಸ ನಡೆದಿದ್ದರೂ ಸರಾಸರಿಯ ಮುಂದೆ ಅದು ಸೋತಂತೆ ಕಾಣುತ್ತದೆ.

ಒಡಹುಟ್ಟಿದವರ ಹೋಲಿಕೆಗೂ ತನ್ನದೇ ತೊಡಕಿದೆ, ಮತ್ತು ಕುಟುಂಬದ ಪ್ರಶ್ನೆ ಅಡಗಿರುವುದು ಆ ತೊಡಕಿನಲ್ಲೇ. ತಂಗಿಯ ಫೀಸು, ಸಮವಸ್ತ್ರದ ಖರ್ಚು ಉಳಿಯಿತೆಂದು ತಾಯಿ ಆ ಹಣವನ್ನು ಅಕ್ಕನ ಓದಿಗೆ ಹಾಕಿದರೆ ಅಕ್ಕನೂ ಮುಂದೆ ಬರುತ್ತಾಳೆ. ಇಬ್ಬರ ನಡುವಿನ ಅಂತರ ಕಿರಿದಾಗಿ, ಯೋಜನೆ ಮಾಡಿದ ಒಳಿತು ಲೆಕ್ಕದಲ್ಲಿ ಕಡಿಮೆ ಕಾಣುತ್ತದೆ. ಇನ್ನೊಂದು ಮನೆಯಲ್ಲಿ ತಂಗಿ ಶಾಲೆಗೂ ಯೋಜನೆಯ ಸಂಜೆಯ ಕೇಂದ್ರಕ್ಕೂ ಹೋದಷ್ಟು ಹೊತ್ತು ನೀರು, ಅಡುಗೆ, ಕೂಸನ್ನು ನೋಡಿಕೊಳ್ಳುವ ಕೆಲಸ ಅಕ್ಕನ ಮೇಲೆ ಬಿದ್ದು, ಅವಳೇ ಶಾಲೆ ಬಿಡುತ್ತಾಳೆ. ಅಂತರ ಹಿಗ್ಗುತ್ತದೆ, ಯೋಜನೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ! ಒಂದು ಮಗುವಿನ ನಷ್ಟ ಇನ್ನೊಂದರ ಲಾಭದಂತೆ ವರದಿಯಾಗುವ ಈ ಸ್ಥಿತಿ ನಮ್ಮನ್ನು ತುಂಬ ಕಾಡುತ್ತದೆ. ಇದನ್ನು ಹಿಡಿಯಲು ಇನ್ನೆರಡು ಗುಂಪು ಬೇಕೇ ಬೇಕು: ಅದೇ ಊರಿನಲ್ಲಿ ನೆರವು ಪಡೆಯದ ಮನೆಗಳು, ಮತ್ತು ಯೋಜನೆ ಕಾಲಿಡದ, ಸ್ಥಿತಿಗತಿಯಲ್ಲಿ ಹೋಲುವ ಬೇರೆ ಊರಿನ ಮನೆಗಳು.

ಮನೆಭೇಟಿಯಲ್ಲಿ ಕೇಳುವ ರೀತಿಯೂ ಮುಖ್ಯ. ‘ಯೋಜನೆಯಿಂದ ಅನುಕೂಲವಾಯಿತೇ?’ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ನೆರವು ನಿಂತೀತೆಂಬ ಭಯ ಅವರಿಗೆ. ಅದರ ಬದಲು ಕಳೆದ 7 ದಿನಗಳಲ್ಲಿ ನೀರು ತಂದವರು ಯಾರು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮನೆಯ ಪ್ರತಿ ಮಗು ಏನೇನು ಮಾಡಿತು, ಈ ವರ್ಷ ಯಾರ ಓದಿಗೆ ಎಷ್ಟು ಸಾಲ ಮಾಡಿದಿರಿ ಎಂದು ಒಂದೊಂದಾಗಿ ಕೇಳಬೇಕು. ಕೇಳುವವರು ಯೋಜನೆಯ ಸಿಬ್ಬಂದಿಯಾಗಿರಬಾರದು, ಸ್ಥಳ ಯೋಜನೆಯ ಕಚೇರಿಯಾಗಿರಬಾರದು. ಮಕ್ಕಳ ನೋಟ್‌ಬುಕ್ ತೋರಿಸಲು ಹೇಳಿ ತಾರೀಖುಗಳನ್ನು ನೋಡಿದರೆ ಹಾಜರಿ ಪುಸ್ತಕ ಹೇಳದ ಸಂಗತಿ ಸಿಗುತ್ತದೆ: ಎರಡು ವಾರ ಪಾಠವೇ ಬರೆದಿಲ್ಲ, ಹಾಜರಿ ಮಾತ್ರ ಪೂರ್ತಿ. ಹೇಳದೆ ಶಾಲೆಗೆ ಹೋಗಿ ತಲೆ ಎಣಿಸುವ ಕ್ರಮ ಇದಕ್ಕಾಗಿಯೇ ಇದೆ.

ಊರಿನ ಮೇಲಿನ ಪರಿಣಾಮಕ್ಕೆ ಕೀನ್ಯಾದ ಒಂದು ಪ್ರಯೋಗ ಒಳ್ಳೆಯ ಪಾಠ. ಅರ್ಥಶಾಸ್ತ್ರಜ್ಞ ಮೈಕೇಲ್ ಕ್ರೀಮರ್ ಮತ್ತು ಸಂಗಡಿಗರು ಮಕ್ಕಳ ಪ್ರಾಯೋಜಕತ್ವದ ಹಣದಲ್ಲಿ ನಡೆದ ಯೋಜನೆಯೊಂದನ್ನು 14 ಶಾಲೆಗಳಲ್ಲಿ ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಚೀಟಿ ಎತ್ತಿದಂತೆ ಆರಿಸಿದ 7 ಶಾಲೆಗಳಿಗೆ ಸಮವಸ್ತ್ರ, ಪಠ್ಯಪುಸ್ತಕ, ಹೊಸ ಕೊಠಡಿಗಳು ಸಿಕ್ಕವು. ಶಾಲೆ ಬಿಡುವವರು ಕಡಿಮೆಯಾದರು. ಐದು ವರ್ಷಗಳಲ್ಲಿ ಅಲ್ಲಿನ ಮಕ್ಕಳು ಸುಮಾರು ಶೇ 15ರಷ್ಟು ಹೆಚ್ಚು ಶಿಕ್ಷಣ ಪಡೆದರು. ಆದರೆ ಅಕ್ಕಪಕ್ಕದ ಶಾಲೆಗಳ ಮಕ್ಕಳೂ ಅಲ್ಲಿಗೇ ಬಂದು ಸೇರಿ, ತರಗತಿಗಳು ಸುಮಾರು ಅರ್ಧದಷ್ಟು ದೊಡ್ಡದಾದವು. ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ನೆರವು ಪಡೆದ ಶಾಲೆಯ ದಾಖಲಾತಿಯನ್ನು ಮಾತ್ರ ನೋಡುವವರಿಗೆ ಇದು ದೊಡ್ಡ ಗೆಲುವು. ಮಕ್ಕಳು ಬಿಟ್ಟುಬಂದ ಶಾಲೆಗಳನ್ನೂ ನೋಡಿದಾಗಲೇ ಲೆಕ್ಕ ಪೂರ್ತಿಯಾಗುವುದು.

ಎಲ್ಲ ಸಂಸ್ಥೆಗಳೂ ಹಣವನ್ನು ಆಯಾ ಮಗುವಿಗೇ ಮುಟ್ಟಿಸುವುದಿಲ್ಲ. ಕೆಲವು ಅದನ್ನು ಒಟ್ಟುಗೂಡಿಸಿ ಊರಿನ ಕುಡಿಯುವ ನೀರು, ಶೌಚಾಲಯ, ಶಾಲೆಗೆ ಬಳಸುತ್ತವೆ. ಅಂಥ ಕಡೆ ಅಕ್ಕ-ತಂಗಿಯ ಹೋಲಿಕೆಗೆ ಅರ್ಥವಿಲ್ಲ. ಊರಿಗೆ ಊರನ್ನೇ ಹೋಲಿಸಬೇಕು. ಇಲ್ಲಿ ಸ್ಯಾಂಪಲ್ ಗಾತ್ರದಲ್ಲಿ ಎಡವುವವರು ಬಹಳ. 20 ಊರುಗಳಲ್ಲಿ ತಲಾ 20ರಂತೆ 400 ಮಕ್ಕಳನ್ನು ಸಂದರ್ಶಿಸಿದ್ದೀರಿ ಎಂದುಕೊಳ್ಳಿ. ಒಂದೇ ಊರಿನ ಮಕ್ಕಳಲ್ಲಿ ಒಬ್ಬರ ಸ್ಥಿತಿ ಇನ್ನೊಬ್ಬರದನ್ನು ಹೋಲುತ್ತದೆ. ಆ ಸಾಮ್ಯದ ಅಳತೆ (0 ಎಂದರೆ ಸಾಮ್ಯವೇ ಇಲ್ಲ, 1 ಎಂದರೆ ಎಲ್ಲರದೂ ಒಂದೇ) 0.1 ಇದ್ದರೆ 1 + (20 – 1) × 0.1 = 2.9. 400ನ್ನು ಇದರಿಂದ ಭಾಗಿಸಿದರೆ ಸುಮಾರು 138; ಅಂದರೆ 400 ಮಕ್ಕಳ ಮಾಹಿತಿ ಬೇರೆ ಬೇರೆ ಕಡೆ ಆರಿಸಿದ 138 ಮಕ್ಕಳ ಮಾಹಿತಿಯಷ್ಟೇ ಬಲದ್ದು. ಒಂದೊಂದು ಊರಿನಲ್ಲಿ ಇನ್ನಷ್ಟು ಮಕ್ಕಳನ್ನು ಸೇರಿಸುವುದಕ್ಕಿಂತ ಊರುಗಳ ಸಂಖ್ಯೆ ಹೆಚ್ಚಿಸುವುದು ಮೇಲು.

ಅದಕ್ಕಿಂತ ದೊಡ್ಡ ತಪ್ಪು, ಕೈಗೆ ಸಿಗದವರನ್ನು ಕೈಬಿಡುವುದು. ಉದಾಹರಣೆಗೆ, ನೋಂದಣಿಯಾದ 400 ಮಕ್ಕಳಲ್ಲಿ 300 ಮಂದಿ ಸಿಕ್ಕರು, ಅವರಲ್ಲಿ 240 ಮಂದಿ ಪ್ರೌಢಶಿಕ್ಷಣ ಮುಗಿಸಿದ್ದರು ಎನ್ನೋಣ. ವರದಿ ಶೇ 80 ಎಂದು ಬರೆಯುತ್ತದೆ. ಸಿಗದ 100 ಮಂದಿಯಲ್ಲಿ ಯಾರೂ ಮುಗಿಸಿರದಿದ್ದರೆ ಅದು ಶೇ 60. ಎಲ್ಲರೂ ಮುಗಿಸಿದ್ದರೆ ಶೇ 85. ಈ ಎರಡು ತುದಿಗಳನ್ನೂ ಅಚ್ಚು ಹಾಕಬೇಕು. ವಲಸೆ ಹೋದವರು, ಬೇಗ ಮದುವೆಯಾದವರು, ನಡುವೆ ಯೋಜನೆ ಬಿಟ್ಟವರೇ ಹೆಚ್ಚಾಗಿ ಕಾಣೆಯಾಗುವುದು. ಅವರಿಗಾಗಿ ನೋಂದಣಿಯ ದಿನವೇ ಬೇರೆ ಬೇರೆ ಮನೆಯ ಮೂವರು ಬಂಧುಗಳ ವಿಳಾಸ ಬರೆದುಕೊಂಡು, ವರ್ಷಕ್ಕೊಮ್ಮೆ ತಿದ್ದಬೇಕು. ಮಕ್ಕಳ ದಾಖಲೆ ತಿದ್ದದೆ ಹೋದರೆ ಏನಾಗುತ್ತದೆಂಬುದನ್ನು 1998ರಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ತೋರಿಸಿಕೊಟ್ಟಿದೆ: ತೀರಿಹೋದ ಮಕ್ಕಳ ಹೆಸರಿನಲ್ಲೂ ಪ್ರಾಯೋಜಕರಿಂದ ಹಣ ಬರುತ್ತಲೇ ಇತ್ತು.

ಪತ್ರ ವ್ಯವಹಾರದ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮಗುವಿನಿಂದ ಪತ್ರ ಬರೆಸುವುದು, ಅನುವಾದಿಸುವುದು, ಫೋಟೊ ತೆಗೆಯುವುದು, ಪ್ರಾಯೋಜಕರ ಉತ್ತರವನ್ನು ಓದಿ ನೋಡಿ ಮಗುವಿಗೆ ತಲುಪಿಸುವುದು, ಇವೆಲ್ಲ ಕ್ಷೇತ್ರ ಕಾರ್ಯಕರ್ತರ ಕೆಲಸ. ವಾರದಲ್ಲಿ ಎಷ್ಟು ಗಂಟೆ ಇದಕ್ಕೆ ಹೋಗುತ್ತದೆ, ಮನೆಭೇಟಿಗೆ ಎಷ್ಟು ಉಳಿಯುತ್ತದೆ ಎಂದು ಸಮಯದ ಪಟ್ಟಿ ಬರೆಸಿದರೆ ತಿಳಿಯುತ್ತದೆ. ಹಾಗೆಂದು ಪತ್ರಗಳಿಗೆ ಬೆಲೆಯಿಲ್ಲವೆಂದಲ್ಲ. ದೂರದವರೊಬ್ಬರು ತನ್ನನ್ನು ನೆನೆಯುತ್ತಾರೆಂಬುದು ಮಗುವಿಗೆ ಧೈರ್ಯ. ಆದರೆ ಒಬ್ಬ ಪ್ರಾಯೋಜಕರು ನಾಲ್ಕು ಪತ್ರ, ಹುಟ್ಟುಹಬ್ಬದ ಉಡುಗೊರೆ ಕಳಿಸಿ, ಪಕ್ಕದ ಮಗುವಿಗೆ ಏನೂ ಬಾರದಿದ್ದರೆ ಆಗುವ ನೋವನ್ನೂ ದಾಖಲಿಸಬೇಕು.

ಯೋಜನೆ ಮುಗಿಯುವ ಹಂತದ ಬಗ್ಗೆ ಬಹುತೇಕ ವರದಿಗಳದ್ದು ಮೌನ. ಭಾರತಕ್ಕೆ ತಾನು ಕಳಿಸುವ ದೇಣಿಗೆಗೆ ಸರ್ಕಾರದ ಮುಂಗಡ ಅನುಮತಿ ಕಡ್ಡಾಯವಾದ ಮೇಲೆ ಕಂಪ್ಯಾಶನ್ 2017ರಲ್ಲಿ ಇಲ್ಲಿನ ಕೆಲಸ ನಿಲ್ಲಿಸಿತು. ಲಕ್ಷಕ್ಕೂ ಹೆಚ್ಚು ಮಕ್ಕಳ ನೆರವು ನಿಂತಿತು. ಕಾರಣ ಯಾವುದೇ ಇರಲಿ, ಹತ್ತನೇ ತರಗತಿಯ ನಡುವೆ ಫೀಸು ನಿಂತರೆ ಆ ಮನೆ ಏನು ಮಾಡಬೇಕು? ನೆರವು ನಿಂತ 12 ಮತ್ತು 24 ತಿಂಗಳ ಬಳಿಕ ಅದೇ ಮನೆಗಳಿಗೆ ಹೋಗಿ ಸಾಲ, ಶಾಲೆ, ದುಡಿಮೆಯ ವಿವರ ಪಡೆಯದ ಮೌಲ್ಯಮಾಪನ ಅರ್ಧ ಮಾತ್ರ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ಇಂಥ ಯೋಜನೆಯ ಯಶಸ್ಸಿನ ವರದಿ ಕೈಗೆ ಬಂದಾಗ, ಪ್ರಕಟಿಸುವ ಮೊದಲು ಸಂಸ್ಥೆಯನ್ನು ಮೂರು ಪ್ರಶ್ನೆ ಕೇಳಿ: ಯಾರ ಜೊತೆ ಹೋಲಿಸಿದಿರಿ, ಎಷ್ಟು ಮಕ್ಕಳು ಹುಡುಕಿದಾಗ ಸಿಗಲಿಲ್ಲ, ನೆರವು ಪಡೆಯದ ಒಡಹುಟ್ಟಿದವರು ಈಗ ಏನು ಮಾಡುತ್ತಿದ್ದಾರೆ. ಉತ್ತರ ಬರದಿದ್ದರೆ, ಬರಲಿಲ್ಲ ಎಂಬ ಸಾಲನ್ನೂ ಸುದ್ದಿಯಲ್ಲಿ ಸೇರಿಸಿ.

ಇಂತಿ,
ಮಕ್ಕಳ ಯೋಜನೆಗಳ ಮೌಲ್ಯಮಾಪನದಲ್ಲಿ ತೊಡಗಿರುವ ಓದುಗರು